ವಿ. ಕೃಷ್ಣಸ್ವಾಮಿ ಅಯ್ಯರ್

ವಿ. ಕೃಷ್ಣಸ್ವಾಮಿ ಅಯ್ಯರ್ (ಜೂನ್ 15, 1863 – ಡಿಸೆಂಬರ್ 28, 1911) ಮದರಾಸು ಉಚ್ಚ ನ್ಯಾಯಾಲಯದ ಪ್ರಖ್ಯಾತ ಸಿವಿಲ್ ವಕೀಲರು, ನ್ಯಾಯಾಧೀಶರು ಹಾಗೂ ಇಂಡಿಯನ್ ಬ್ಯಾಂಕಿನ ಸ್ಥಾಪಕರಲ್ಲಿ ಅಗ್ರಗಣ್ಯರು. 1906ರಲ್ಲಿ ಮದರಾಸಿನ ಆರ್ಬತ್‌ನಾಟ್ ಸಂಸ್ಥೆ ದಿವಾಳಿಯಾದಾಗ ಅದರಲ್ಲಿ ಹಣವಿಟ್ಟು ಕಳೆದುಕೊಂಡವರ ಪರವಾಗಿ ನ್ಯಾಯಾಲಯದಲ್ಲಿ ನಿಂತು ವಾದಿಸಿದ ಇವರು, ಅದೇ ಅನುಭವದಿಂದ ಭಾರತೀಯರದೇ ಆದ ಬ್ಯಾಂಕೊಂದನ್ನು ಕಟ್ಟಲು ಮುಂದಾದರು. ಮದರಾಸು ಸಂಸ್ಕೃತ ಕಾಲೇಜು, ವೆಂಕಟರಮಣ ಆಯುರ್ವೇದ ಔಷಧಾಲಯ ಮೊದಲಾದ ಸಂಸ್ಥೆಗಳ ಸ್ಥಾಪಕರೆಂದೂ ಇವರು ಪ್ರಸಿದ್ಧರು. ಸಂವಿಧಾನ ರಚನಾ ಸಭೆಯ ಸದಸ್ಯರಾಗಿದ್ದ ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಇವರಿಗಿಂತ ಇಪ್ಪತ್ತು ವರ್ಷ ಕಿರಿಯರು, ಬೇರೊಬ್ಬ ವ್ಯಕ್ತಿ. ಹೆಸರಿನ ಸಾಮ್ಯದಿಂದ ಇಬ್ಬರನ್ನೂ ಒಬ್ಬರೆಂದು ಭಾವಿಸಬಾರದು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಕೃಷ್ಣಸ್ವಾಮಿ ಅಯ್ಯರ್ ಜನಿಸಿದ್ದು ತಂಜಾವೂರು ಜಿಲ್ಲೆಯ ತಿರುವಿಡೈಮರುದೂರಿನಲ್ಲಿ. ಕಾವೇರಿಯ ಮುಖಜಭೂಮಿಗೆ ಸೇರಿದ ಈ ಊರು ಮಹಾಲಿಂಗಸ್ವಾಮಿ ದೇವಾಲಯದಿಂದಾಗಿ ಪ್ರಸಿದ್ಧವಾದ ಕ್ಷೇತ್ರ. ತಂದೆ ವೆಂಕಟರಾಮ ಅಯ್ಯರ್ ಜಿಲ್ಲಾ ಮುನ್ಸೀಫರಾಗಿದ್ದರು. ಆದ್ದರಿಂದ ದಾವೆ, ಡಿಕ್ರಿ, ಅಡಮಾನ ಮುಂತಾದ ಮಾತುಗಳು ಬಾಲಕನಿಗೆ ಮನೆಯಲ್ಲಿಯೇ ಪರಿಚಿತವಾಗಿದ್ದವು. ಆ ಕಾಲದಲ್ಲಿ ದಕ್ಷಿಣದ ಪ್ರಮುಖ ವಿದ್ಯಾಕೇಂದ್ರವಾಗಿದ್ದ ಕುಂಭಕೋಣದ ಸರ್ಕಾರಿ ಕಾಲೇಜಿನಲ್ಲಿ ಓದಿದ ಮೇಲೆ ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು. ಅನಂತರ ಕಾನೂನು ವ್ಯಾಸಂಗ ಮುಗಿಸಿ, 1885ರಲ್ಲಿ ಉಚ್ಚ ನ್ಯಾಯಾಲಯದ ವಕೀಲರಾಗಿ ವೃತ್ತಿಯನ್ನು ಆರಂಭಿಸಿದರು. ಆಗ ಅವರಿಗೆ ಇಪ್ಪತ್ತೆರಡು ವರ್ಷ.

ವಕೀಲ ವೃತ್ತಿ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮದರಾಸಿನ ನ್ಯಾಯವಾದಿಗಳಲ್ಲಿ ಎರಡು ವರ್ಗಗಳಿದ್ದವು. ಇಂಗ್ಲೆಂಡಿಗೆ ಹೋಗಿ ಅಲ್ಲಿಯ ನ್ಯಾಯವಾದಿ ಸಂಘಗಳಲ್ಲಿ ತೇರ್ಗಡೆಯಾಗಿ ಬಂದವರು ಬ್ಯಾರಿಸ್ಟರರು. ಇಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಓದಿ ಪದವಿ ಪಡೆದವರು ವಕೀಲರು. ಬ್ಯಾರಿಸ್ಟರರಲ್ಲಿ ಬಹುಮಂದಿ ಐರೋಪ್ಯರು. ದೊಡ್ಡ ವ್ಯಾಪಾರ ಸಂಸ್ಥೆಗಳ ಮೊಕದ್ದಮೆಗಳು ಸಾಮಾನ್ಯವಾಗಿ ಅವರಿಗೆ ಸಲ್ಲುತ್ತಿದ್ದವು. ವಕೀಲರ ಪಾಲಿಗೆ ಬರುತ್ತಿದ್ದುದು ಜಿಲ್ಲೆಗಳಿಂದ ಬಂದ ಮೇಲ್ಮನವಿಗಳು. ಆದರೆ ವಿ. ಭಾಷ್ಯಂ ಅಯ್ಯಂಗಾರ್, ಎಸ್. ಸುಬ್ರಮಣ್ಯ ಅಯ್ಯರ್ ಮೊದಲಾದ ಹಿರಿಯ ವಕೀಲರು ತಮ್ಮ ವಿದ್ವತ್ತಿನಿಂದ ಈ ಅಂತರವನ್ನು ಬಹುಮಟ್ಟಿಗೆ ಅಳಿಸಿಹಾಕಿದ್ದರು. ಕೃಷ್ಣಸ್ವಾಮಿ ಅಯ್ಯರ್ ಇವರ ಮುಂದಿನ ಪೀಳಿಗೆಗೆ ಸೇರಿದವರು.

ಮೊದಲ ಕೆಲವು ವರ್ಷಗಳು ಅವರಿಗೆ ಸುಲಭವಾಗಿರಲಿಲ್ಲ. ಕಕ್ಷಿಗಾರರು ವಿರಳ, ವರಮಾನ ಅಲ್ಪ. ಹಿರಿಯ ವಕೀಲರೊಬ್ಬರ ಜೊತೆ ಸೇರಿ ಕೆಲಸ ಮಾಡತೊಡಗಿದ ಮೇಲೆ ಅವರ ಸಾಮರ್ಥ್ಯ ಬೆಳಕಿಗೆ ಬಂದಿತು. 1890ರ ದಶಕದ ಹೊತ್ತಿಗೆ ಅವರು ಉಚ್ಚ ನ್ಯಾಯಾಲಯದ ಮುಂಚೂಣಿಯ ಸಿವಿಲ್ ವಕೀಲರಲ್ಲಿ ಒಬ್ಬರೆನಿಸಿದ್ದರು.

ಆ ಕಾಲದ ಸಿವಿಲ್ ವ್ಯಾಜ್ಯಗಳ ಸ್ವರೂಪವನ್ನು ತಿಳಿದರೆ ಈ ವೃತ್ತಿಯ ತೂಕ ಅರ್ಥವಾಗುತ್ತದೆ. ಜಮೀನ್ದಾರಿಗಳ ಉತ್ತರಾಧಿಕಾರ, ಅವಿಭಕ್ತ ಕುಟುಂಬದ ಆಸ್ತಿಯ ಪಾಲು, ದತ್ತಕ, ದೇವಾಲಯ ಮತ್ತು ಮಠಗಳ ಆಡಳಿತ, ಅಡಮಾನ ಮತ್ತು ಸಾಲ ವಸೂಲಿ ಇವೇ ಮುಖ್ಯ ವಿಷಯಗಳು. ಒಂದೊಂದು ಮೊಕದ್ದಮೆಯಲ್ಲಿಯೂ ಹಳೆಯ ಶಾಸ್ತ್ರಗ್ರಂಥ, ಸ್ಥಳೀಯ ಸಂಪ್ರದಾಯ, ಇಂಗ್ಲಿಷ್ ಕಾನೂನು ಮೂರನ್ನೂ ಹೊಂದಿಸಿ ವಾದಿಸಬೇಕಾಗಿತ್ತು. ಮದರಾಸು ಪ್ರಾಂತವು ತಮಿಳು, ತೆಲುಗು, ಮಲಯಾಳ, ಕನ್ನಡ ಪ್ರದೇಶಗಳನ್ನು ಒಳಗೊಂಡಿದ್ದುದರಿಂದ ಮಂಗಳೂರು ಮತ್ತು ಬಳ್ಳಾರಿ ಕಡೆಯ ಮೇಲ್ಮನವಿಗಳು ಕೂಡ ಇದೇ ನ್ಯಾಯಾಲಯಕ್ಕೆ ಬರುತ್ತಿದ್ದವು. ದಕ್ಷಿಣ ಕನ್ನಡದ ಅಳಿಯಸಂತಾನ ಪದ್ಧತಿಯ ಆಸ್ತಿ ವಿವಾದಗಳು ಕೊನೆಗೆ ಇತ್ಯರ್ಥವಾಗುತ್ತಿದ್ದುದೂ ಇಲ್ಲಿಯೇ.

ಮೈಲಾಪುರ ಬಡಾವಣೆಯಲ್ಲಿ ವಾಸಿಸುತ್ತಿದ್ದ ವಕೀಲರು ಮತ್ತು ಮುಖಂಡರ ಬಳಗವನ್ನು ಮೈಲಾಪುರ ಗುಂಪು ಎಂದೂ, ಅದಕ್ಕೆ ಪ್ರತಿಸ್ಪರ್ಧಿಯಾಗಿದ್ದ ಸಿ. ಶಂಕರನ್ ನಾಯರ್ ಮುಂತಾದವರ ಬಳಗವನ್ನು ಎಗ್ಮೋರ್ ಗುಂಪು ಎಂದೂ ಕರೆಯುವ ರೂಢಿಯಿತ್ತು. ಕೃಷ್ಣಸ್ವಾಮಿ ಅಯ್ಯರ್ ಮೈಲಾಪುರ ಗುಂಪಿನ ಪ್ರಮುಖರಲ್ಲಿ ಒಬ್ಬರು. ಪಿ. ಆರ್. ಸುಂದರ ಅಯ್ಯರ್, ಪಿ. ಎಸ್. ಶಿವಸ್ವಾಮಿ ಅಯ್ಯರ್ ಅವರ ಸಮಕಾಲೀನರು.

ಮದರಾಸ್ ಲಾ ಜರ್ನಲ್

ಸುಬ್ರಮಣ್ಯ ಅಯ್ಯರ್ ಅವರ ಮನೆಯಲ್ಲಿ ಶನಿವಾರಗಳಂದು ವಕೀಲರು ಸೇರಿ ಕಾನೂನಿನ ಪ್ರಶ್ನೆಗಳನ್ನು ಚರ್ಚಿಸುತ್ತಿದ್ದರು. ಈ ಕೂಟದ ಫಲವಾಗಿ 1891ರಲ್ಲಿ ಮದರಾಸ್ ಲಾ ಜರ್ನಲ್ ಎಂಬ ನಿಯತಕಾಲಿಕ ಹೊರಬಂದಿತು. ಕೃಷ್ಣಸ್ವಾಮಿ ಅಯ್ಯರ್ ಮತ್ತು ಸುಂದರ ಅಯ್ಯರ್ ಅದರ ಸಂಪಾದಕತ್ವದಲ್ಲಿ ಪಾಲ್ಗೊಂಡರು. ತೀರ್ಪುಗಳನ್ನು ವರದಿ ಮಾಡುವುದರ ಜೊತೆಗೆ ಅವುಗಳ ಗುಣದೋಷಗಳನ್ನು ವಿಮರ್ಶಿಸುವುದು ಅದರ ಉದ್ದೇಶವಾಗಿತ್ತು. ಬ್ರಿಟಿಷ್ ನ್ಯಾಯಾಧೀಶರು ಕೊಟ್ಟ ತೀರ್ಪನ್ನು ಭಾರತೀಯ ವಕೀಲರು ಅಚ್ಚಿನಲ್ಲಿ ಪರಿಶೀಲಿಸುವುದು ಆ ಕಾಲಕ್ಕೆ ಧೈರ್ಯದ ಕೆಲಸವೇ ಸರಿ.

ಆರ್ಬತ್‌ನಾಟ್ ಸಂಸ್ಥೆಯ ಪತನ

ಹತ್ತೊಂಬತ್ತನೆಯ ಶತಮಾನದ ಮದರಾಸಿನಲ್ಲಿ ಪ್ಯಾರಿ, ಬಿನ್ನಿ, ಆರ್ಬತ್‌ನಾಟ್ ಎಂಬ ಮೂರು ಬ್ರಿಟಿಷ್ ಸಂಸ್ಥೆಗಳು ವಾಣಿಜ್ಯದಲ್ಲಿ ಹೆಸರಾಗಿದ್ದವು. ಇವುಗಳಲ್ಲಿ ಆರ್ಬತ್‌ನಾಟ್ ಅತ್ಯಂತ ಭದ್ರವಾದುದೆಂಬ ನಂಬಿಕೆ ಜನರಲ್ಲಿತ್ತು. ಅದು ವ್ಯಾಪಾರದೊಂದಿಗೆ ಬ್ಯಾಂಕಿನ ಕೆಲಸವನ್ನೂ ಮಾಡುತ್ತ, ಸಾರ್ವಜನಿಕರಿಂದ ಠೇವಣಿಗಳನ್ನು ಸ್ವೀಕರಿಸುತ್ತಿತ್ತು. ನೌಕರರು, ನಿವೃತ್ತಿ ವೇತನದಾರರು, ವಿಧವೆಯರು, ವರ್ತಕರು ತಮ್ಮ ಉಳಿತಾಯವನ್ನು ಅಲ್ಲಿಡುತ್ತಿದ್ದರು. ಹೀಗೆ ಹಣವಿಟ್ಟವರಲ್ಲಿ ಭಾರತೀಯರೂ ಇದ್ದರು, ಐರೋಪ್ಯರೂ ಇದ್ದರು.

1906ರ ಅಕ್ಟೋಬರ್ 22ರಂದು ಈ ಸಂಸ್ಥೆ ಹಣ ಪಾವತಿಯನ್ನು ನಿಲ್ಲಿಸಿತು. ಇದರೊಂದಿಗೆ ಸಂಬಂಧ ಹೊಂದಿದ್ದ ಲಂಡನ್ನಿನ ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದವರು ಪ್ಯಾಟ್ರಿಕ್ ಮ್ಯಾಕ್‌ಫೇಡಿಯನ್. ಅಪಾಯಕರವಾದ ಹೂಡಿಕೆಗಳಲ್ಲಿ ಅಲ್ಲಿ ಹಣ ಕರಗಿಹೋಗಿತ್ತು. ಪತನಕ್ಕೆ ಸ್ವಲ್ಪ ಮುನ್ನ ಮ್ಯಾಕ್‌ಫೇಡಿಯನ್ ಲಂಡನ್ನಿನಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಆ ಸುದ್ದಿ ಮದರಾಸಿಗೆ ತಲುಪಿದೊಡನೆ ಸಂಸ್ಥೆಯ ನಿಜಸ್ಥಿತಿ ಬಯಲಾಯಿತು. ಬದುಕಿನ ಗಳಿಕೆಯನ್ನೆಲ್ಲ ಒಂದೇ ಕಡೆ ಇಟ್ಟಿದ್ದ ಅನೇಕ ಕುಟುಂಬಗಳು ಬೀದಿಗೆ ಬಿದ್ದವು.

ದಿವಾಳಿ ವ್ಯವಹರಣೆಯಲ್ಲಿ ಪಾತ್ರ

ಆರ್ಬತ್‌ನಾಟ್ ಪಾಲುದಾರಿಕೆಯ ಸಂಸ್ಥೆ. ಇಂತಹ ಸಂಸ್ಥೆಗಳ ಸಾಲಕ್ಕೆ ಪಾಲುದಾರರು ತಮ್ಮ ಸ್ವಂತ ಆಸ್ತಿಯಿಂದಲೂ ಹೊಣೆಯಾಗಿರುತ್ತಾರೆ. ಆದರೆ ಸಂಸ್ಥೆಯ ಲೆಕ್ಕಪತ್ರಗಳನ್ನು ಹೊರಗಿನವರು ನೋಡುವ ಅವಕಾಶ ಇರಲಿಲ್ಲ. ಅವು ಪಾಲುದಾರರಿಗೆ ಮಾತ್ರ ಗೊತ್ತು. ಠೇವಣಿದಾರರು ಹೆಸರನ್ನು ನಂಬಿ ಹಣವಿಡುತ್ತಿದ್ದರು.

ದಿವಾಳಿಯಾದವರು ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದಾಗ ಅವರ ಸಮಸ್ತ ಆಸ್ತಿಯೂ ಅಫಿಷಿಯಲ್ ಅಸೈನಿ ಎಂಬ ಅಧಿಕಾರಿಯ ವಶಕ್ಕೆ ಹೋಗುತ್ತದೆ. ಸಾಲ ಕೊಟ್ಟವರು ತಮ್ಮ ತಮ್ಮ ಬಾಕಿಯನ್ನು ಅವರ ಮುಂದೆ ರುಜುವಾತುಪಡಿಸಬೇಕು. ಆಸ್ತಿ ಮಾರಿ ಬಂದ ಹಣದಲ್ಲಿ ಭದ್ರತೆಯ ಆಧಾರದ ಮೇಲೆ ಸಾಲ ಕೊಟ್ಟವರಿಗೆ ಮೊದಲ ಹಕ್ಕು. ಉಳಿದುದನ್ನು ಮಿಕ್ಕವರಿಗೆ ಅವರವರ ಬಾಕಿಯ ಪ್ರಮಾಣದಲ್ಲಿ ಹಂಚಲಾಗುತ್ತದೆ. ಉದಾಹರಣೆಗೆ, ಹೀಗೆ ಹಂಚುವಾಗ ರೂಪಾಯಿಗೆ ನಾಲ್ಕಾಣೆ ದೊರೆತರೆ 1,000 ರೂಪಾಯಿ ಇಟ್ಟವನ ಕೈಗೆ ಬರುವುದು 250 ರೂಪಾಯಿ ಮಾತ್ರ. ಆದುದರಿಂದ ಆಸ್ತಿಯನ್ನು ಯಾರಾದರೂ ಮರೆಮಾಚಿದ್ದಾರೆಯೇ, ಪತನದ ಮುನ್ನ ಯಾರಿಗಾದರೂ ಅನುಚಿತವಾಗಿ ಹಣ ಸಂದಾಯವಾಗಿದೆಯೇ, ದಿವಾಳಿಯೆಂದು ತಿಳಿದ ಮೇಲೂ ಠೇವಣಿ ಸ್ವೀಕರಿಸಲಾಗಿದೆಯೇ ಎಂಬ ಪ್ರಶ್ನೆಗಳು ಸಾಲ ಕೊಟ್ಟವರ ಪಾಲಿಗೆ ಜೀವನ್ಮರಣದ ಪ್ರಶ್ನೆಗಳಾಗುತ್ತವೆ. ಒಬ್ಬೊಬ್ಬ ಸಣ್ಣ ಠೇವಣಿದಾರನೂ ಪ್ರತ್ಯೇಕವಾಗಿ ಇವನ್ನು ಕೇಳುವ ಶಕ್ತಿಯುಳ್ಳವನಲ್ಲ. ಅವರೆಲ್ಲರ ಪರವಾಗಿ ಕೇಳಬಲ್ಲ ವಕೀಲರೊಬ್ಬರು ಬೇಕಾಗುತ್ತಾರೆ.

ಕೃಷ್ಣಸ್ವಾಮಿ ಅಯ್ಯರ್ ಸಾಲ ಕೊಟ್ಟವರ ಪರವಾಗಿ ನಿಂತರು. ಎದುರಿಗಿದ್ದ ಸರ್ ಜಾರ್ಜ್ ಆರ್ಬತ್‌ನಾಟ್ ಮದರಾಸಿನ ಐರೋಪ್ಯ ಸಮಾಜದಲ್ಲಿ ಅತ್ಯುನ್ನತ ಸ್ಥಾನದಲ್ಲಿದ್ದವರು. ಅಂಥವರ ಲೆಕ್ಕಪತ್ರಗಳನ್ನು ಭಾರತೀಯ ವಕೀಲರೊಬ್ಬರು ಬಹಿರಂಗವಾಗಿ ಪ್ರಶ್ನಿಸಿದ್ದು ನಗರದಲ್ಲಿ ದೊಡ್ಡ ಸಂಚಲನವನ್ನು ಉಂಟುಮಾಡಿತು. ಸಿವಿಲ್ ವ್ಯವಹರಣೆಯ ಜೊತೆಗೆ ವಂಚನೆಯ ಆರೋಪದ ಮೇಲೆ ಕ್ರಿಮಿನಲ್ ಮೊಕದ್ದಮೆಯೂ ನಡೆದು, ಸರ್ ಜಾರ್ಜ್ ಆರ್ಬತ್‌ನಾಟ್ ಅವರಿಗೆ ಹದಿನೆಂಟು ತಿಂಗಳ ಕಠಿಣ ಕಾರಾಗೃಹವಾಸದ ಶಿಕ್ಷೆಯಾಯಿತು. ಶಿಕ್ಷೆಯಿಂದ ಠೇವಣಿದಾರರ ಹಣವೇನೂ ಮರಳಲಿಲ್ಲ. ಆದರೆ ಕಾನೂನಿನ ಮುಂದೆ ಯಾವ ಮನೆತನವೂ ದೊಡ್ಡದಲ್ಲ ಎಂಬುದು ಜನರಿಗೆ ಮನದಟ್ಟಾಯಿತು.

ಇಂಡಿಯನ್ ಬ್ಯಾಂಕಿನ ಸ್ಥಾಪನೆ

ಈ ಪ್ರಕರಣ ಕೃಷ್ಣಸ್ವಾಮಿ ಅಯ್ಯರ್ ಅವರನ್ನು ಇನ್ನೊಂದು ಆಲೋಚನೆಗೆ ಹಚ್ಚಿತು. ವ್ಯಾಜ್ಯದಿಂದ ದೊರೆಯುವುದು ಕಳೆದುಕೊಂಡುದರ ಒಂದು ಭಾಗ ಮಾತ್ರ. ಕಳೆದುಕೊಳ್ಳದಂತೆ ಮಾಡುವ ವ್ಯವಸ್ಥೆ ಬೇಕಾದರೆ, ಠೇವಣಿದಾರರ ಹಣಕ್ಕೆ ಲೆಕ್ಕ ಕೊಡುವ ಸಂಸ್ಥೆ ಇರಬೇಕು. ಆಗ ಮದರಾಸಿನಲ್ಲಿದ್ದ ಬ್ಯಾಂಕ್ ಆಫ್ ಮದರಾಸು ಸರ್ಕಾರದ ಆಶ್ರಯದಲ್ಲಿದ್ದ ಪ್ರೆಸಿಡೆನ್ಸಿ ಬ್ಯಾಂಕು. ಅದರ ಆಡಳಿತ ಐರೋಪ್ಯರ ಕೈಯಲ್ಲಿತ್ತು. ಸ್ಥಿರಾಸ್ತಿಯ ಆಧಾರದ ಮೇಲೆ ಸಾಲ ಕೊಡಲು ಕಾನೂನು ಅದಕ್ಕೆ ಅವಕಾಶ ನೀಡಿರಲಿಲ್ಲ. ದೇಶೀಯ ವರ್ತಕರು ಬಹುಮಟ್ಟಿಗೆ ಲೇವಾದೇವಿಗಾರರನ್ನೇ ಅವಲಂಬಿಸಬೇಕಾಗಿತ್ತು. 1905ರ ವಂಗ ವಿಭಜನೆಯ ಅನಂತರ ಎದ್ದ ಸ್ವದೇಶಿ ಚಳವಳಿ ಜನರ ಮನಸ್ಸನ್ನು ಈಗಾಗಲೇ ಸಿದ್ಧಗೊಳಿಸಿತ್ತು.

ಕೃಷ್ಣಸ್ವಾಮಿ ಅಯ್ಯರ್ ನಗರದ ಪ್ರಮುಖರನ್ನು ಕಂಡು, ಭಾರತೀಯರ ಬಂಡವಾಳದಿಂದಲೇ ಬ್ಯಾಂಕು ಸ್ಥಾಪಿಸುವ ಯೋಜನೆಯನ್ನು ಮುಂದಿಟ್ಟರು. ಬರ್ಮಾ, ಸಿಂಹಳ, ಮಲಯಗಳಲ್ಲಿ ವ್ಯವಹಾರ ನಡೆಸುತ್ತಿದ್ದ ನಾಟುಕೋಟೆ ಚೆಟ್ಟಿಯಾರರ ಬೆಂಬಲ ಇದಕ್ಕೆ ದೊರೆಯಿತು. ಚಿದಂಬರದ ವಿಶ್ವವಿದ್ಯಾನಿಲಯದಿಂದ ಪ್ರಸಿದ್ಧರಾದ ಅಣ್ಣಾಮಲೈ ಚೆಟ್ಟಿಯಾರರ ಅಣ್ಣ ರಾಮಸ್ವಾಮಿ ಚೆಟ್ಟಿಯಾರರು ಈ ಕಾರ್ಯದಲ್ಲಿ ಕೈಜೋಡಿಸಿದವರಲ್ಲಿ ಮುಖ್ಯರು. ವಕೀಲರ ಕಾನೂನು ಜ್ಞಾನವೂ ವರ್ತಕರ ಹಣಕಾಸಿನ ಅನುಭವವೂ ಹೀಗೆ ಒಂದುಗೂಡಿದವು.

1907ರ ಮಾರ್ಚ್ 5ರಂದು ಇಂಡಿಯನ್ ಬ್ಯಾಂಕು ಕಂಪನಿಯಾಗಿ ನೋಂದಣಿಯಾಯಿತು. ಆರ್ಬತ್‌ನಾಟ್ ಪತನವಾಗಿ ಆಗ ಐದು ತಿಂಗಳೂ ತುಂಬಿರಲಿಲ್ಲ. ಅದೇ ವರ್ಷದ ಆಗಸ್ಟ್ 15ರಂದು ಬ್ಯಾಂಕು ವ್ಯವಹಾರವನ್ನು ಆರಂಭಿಸಿತು. ಪಾಲುದಾರಿಕೆಯ ಬದಲು ಷೇರುದಾರರ ಕಂಪನಿಯ ರೂಪವನ್ನು ಆರಿಸಿಕೊಂಡದ್ದು ಗಮನಾರ್ಹ. ಕಂಪನಿಯ ಲೆಕ್ಕಪತ್ರಗಳು ಪರಿಶೋಧನೆಗೆ ಒಳಗಾಗುತ್ತವೆ, ನಿರ್ದೇಶಕರು ಷೇರುದಾರರ ಸಭೆಗೆ ಉತ್ತರ ಕೊಡಬೇಕಾಗುತ್ತದೆ, ಒಬ್ಬಿಬ್ಬರ ಗುಟ್ಟಿನ ವ್ಯವಹಾರಕ್ಕೆ ಎಡೆ ಕಡಮೆಯಾಗುತ್ತದೆ. ಆರ್ಬತ್‌ನಾಟ್ ಪ್ರಕರಣ ಕಲಿಸಿದ ಪಾಠಕ್ಕೆ ಈ ರೂಪ ಹೊಂದಿಕೆಯಾಗುತ್ತಿತ್ತು.

ಕರ್ನಾಟಕ ಕರಾವಳಿಯ ಸಮಾನಾಂತರ ಪ್ರಯತ್ನಗಳು

ಅದೇ ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿಯೂ ಇಂಥ ಪ್ರಯತ್ನಗಳು ನಡೆದಿದ್ದವು. 1906ರ ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ನೇತೃತ್ವದಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಸ್ಥಾಪನೆಯಾಯಿತು. ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿದ್ದು ಇದೇ ಸಂಸ್ಥೆ. ಅದೇ ವರ್ಷದ ಜುಲೈ 1ರಂದು ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಕೆನರಾ ಹಿಂದೂ ಪರ್ಮನೆಂಟ್ ಫಂಡನ್ನು ಆರಂಭಿಸಿದರು. ಅದು 1910ರಲ್ಲಿ ಕೆನರಾ ಬ್ಯಾಂಕ್ ಆಯಿತು. ಈ ಎರಡೂ ಆರ್ಬತ್‌ನಾಟ್ ಪತನಕ್ಕಿಂತ ಮೊದಲಿನವು. ಆದುದರಿಂದ ಅವುಗಳಿಗೆ ಆ ಘಟನೆ ಕಾರಣವಲ್ಲ. ಸುಬ್ಬರಾವ್ ಪೈಗಳೂ ವೃತ್ತಿಯಿಂದ ವಕೀಲರು, ಶಾಲೆಗಳನ್ನು ಕಟ್ಟಿದವರು ಎಂಬುದು ಸ್ವಾರಸ್ಯಕರ. ಸಾಲ, ಅಡಮಾನಗಳ ಮೊಕದ್ದಮೆಗಳಲ್ಲಿ ಜನರ ಕಷ್ಟವನ್ನು ದಿನವೂ ಕಾಣುತ್ತಿದ್ದ ವಕೀಲರಿಗೆ ಬ್ಯಾಂಕಿನ ಅಗತ್ಯ ಬೇಗನೆ ಹೊಳೆದದ್ದರಲ್ಲಿ ಆಶ್ಚರ್ಯವಿಲ್ಲ.

ರಾಜಕೀಯ ಜೀವನ

ಕೃಷ್ಣಸ್ವಾಮಿ ಅಯ್ಯರ್ ಭಾರತ ರಾಷ್ಟ್ರೀಯ ಕಾಂಗ್ರೆಸ್ಸಿನಲ್ಲಿ ಸೌಮ್ಯವಾದಿಗಳ ಪಕ್ಷಕ್ಕೆ ಸೇರಿದವರು. ಸಂವಿಧಾನಾತ್ಮಕ ಮಾರ್ಗದಲ್ಲಿ, ಹಂತ ಹಂತವಾಗಿ ಸ್ವಯಮಾಡಳಿತವನ್ನು ಪಡೆಯಬೇಕೆಂಬುದು ಅವರ ನಿಲುವು. 1907ರ ಸೂರತ್ ಅಧಿವೇಶನದಲ್ಲಿ ಕಾಂಗ್ರೆಸ್ ಒಡೆದಾಗ ಅವರು ಗೋಪಾಲಕೃಷ್ಣ ಗೋಖಲೆಯವರ ಕಡೆಗಿದ್ದರು. ಮರುವರ್ಷ ರಾಸ್‌ಬಿಹಾರಿ ಘೋಷ್ ಅವರ ಅಧ್ಯಕ್ಷತೆಯಲ್ಲಿ ಮದರಾಸಿನಲ್ಲಿ ಅಧಿವೇಶನ ನಡೆದಾಗ ಅದರ ಏರ್ಪಾಡಿನಲ್ಲಿ ಪಾತ್ರ ವಹಿಸಿದರು. ಗೋಖಲೆಯವರ ಭಾರತ ಸೇವಕ ಸಮಾಜವನ್ನು ಸೇರಿದ ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳು ಇವರ ಆಪ್ತರು.

ತಮ್ಮದಕ್ಕಿಂತ ಭಿನ್ನವಾದ ಅಭಿಪ್ರಾಯದವರಲ್ಲಿಯೂ ಪ್ರತಿಭೆಯನ್ನು ಗುರುತಿಸುವ ಗುಣ ಅವರಲ್ಲಿತ್ತು. ಕವಿ ಸುಬ್ರಮಣ್ಯ ಭಾರತಿ ತೀವ್ರವಾದಿಗಳ ಪಕ್ಷದವರು. ಸೌಮ್ಯವಾದಿಗಳನ್ನು ಕಟುವಾಗಿ ಟೀಕಿಸುತ್ತಿದ್ದವರು. ಪ್ರಕಾಶಕ ಜಿ. ಎ. ನಟೇಶನ್ ಅವರ ಮೂಲಕ ಭಾರತಿಯವರ ದೇಶಭಕ್ತಿಗೀತೆಗಳನ್ನು ಕೇಳಿದ ಕೃಷ್ಣಸ್ವಾಮಿ ಅಯ್ಯರ್, ತಮ್ಮ ಖರ್ಚಿನಲ್ಲಿ ಮೂರು ಗೀತೆಗಳ ಸುಮಾರು 15,000 ಪ್ರತಿಗಳನ್ನು ಅಚ್ಚು ಹಾಕಿಸಿ ಉಚಿತವಾಗಿ ಹಂಚಿಸಿದರು. ಭಾರತಿಯವರ ಗೀತೆಗಳು ಜನಸಾಮಾನ್ಯರ ಮನೆ ಸೇರಲು ಇದು ನೆರವಾಯಿತು.

ವಿದ್ಯೆ ಮತ್ತು ಸಮಾಜಸೇವೆ

ವೃತ್ತಿಯಿಂದ ಗಳಿಸಿದ ಹಣದ ದೊಡ್ಡ ಭಾಗವನ್ನು ಕೃಷ್ಣಸ್ವಾಮಿ ಅಯ್ಯರ್ ಸಾರ್ವಜನಿಕ ಕಾರ್ಯಗಳಿಗೆ ವಿನಿಯೋಗಿಸಿದರು. 1905ರಲ್ಲಿ ಮೈಲಾಪುರದಲ್ಲಿ ವೆಂಕಟರಮಣ ಆಯುರ್ವೇದ ಔಷಧಾಲಯವನ್ನು ಸ್ಥಾಪಿಸಿದರು. ಅದರೊಂದಿಗೆ ಆಯುರ್ವೇದ ಶಿಕ್ಷಣಕ್ಕೂ ವ್ಯವಸ್ಥೆಯಾಯಿತು. 1906ರಲ್ಲಿ ಮದರಾಸು ಸಂಸ್ಕೃತ ಕಾಲೇಜನ್ನು ಆರಂಭಿಸಿದರು. ಮಹಾಮಹೋಪಾಧ್ಯಾಯ ಎಸ್. ಕುಪ್ಪುಸ್ವಾಮಿ ಶಾಸ್ತ್ರಿಗಳು ಅದರ ಮೊದಲ ಪ್ರಾಂಶುಪಾಲರು. ಇಂಗ್ಲಿಷ್ ವಿದ್ಯೆಯ ಪ್ರಭಾವದಲ್ಲಿ ಸಾಂಪ್ರದಾಯಿಕ ಶಾಸ್ತ್ರಾಧ್ಯಯನ ಕ್ಷೀಣಿಸುತ್ತಿದ್ದ ಸಮಯದಲ್ಲಿ ಈ ಕಾಲೇಜು ಅನೇಕ ವಿದ್ವಾಂಸರನ್ನು ರೂಪಿಸಿತು. 1901ರಲ್ಲಿ ನಿಧನರಾದ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರ ಹೆಸರಿನಲ್ಲಿ ಮೈಲಾಪುರದಲ್ಲಿ ಸ್ಥಾಪಿತವಾದ ರಾನಡೆ ಗ್ರಂಥಾಲಯದ ಹಿಂದೆಯೂ ಅವರ ಶ್ರಮವಿತ್ತು.

ನ್ಯಾಯಾಧೀಶ ಮತ್ತು ಕಾರ್ಯಾಂಗ ಸದಸ್ಯ

1909ರಲ್ಲಿ ಕೃಷ್ಣಸ್ವಾಮಿ ಅಯ್ಯರ್ ಮದರಾಸು ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾಗಿ ನೇಮಕಗೊಂಡರು. ವಕೀಲರಾಗಿ ಅತ್ಯುತ್ತಮ ವರಮಾನ ಹೊಂದಿದ್ದವರು ನ್ಯಾಯಾಧೀಶರ ಸಂಬಳಕ್ಕೆ ಒಪ್ಪಿಕೊಳ್ಳುವುದು ಆರ್ಥಿಕವಾಗಿ ನಷ್ಟದ ಸಂಗತಿಯೇ ಆಗಿತ್ತು. 1911ರಲ್ಲಿ ಅವರು ಆ ಸ್ಥಾನವನ್ನು ಬಿಟ್ಟು ಮದರಾಸು ಗವರ್ನರರ ಕಾರ್ಯಾಂಗ ಸಭೆಯ ಸದಸ್ಯರಾದರು. ಮಾರ್ಲೆ–ಮಿಂಟೋ ಸುಧಾರಣೆಗಳ ಫಲವಾಗಿ ಭಾರತೀಯರಿಗೆ ದೊರೆತ ಈ ಸ್ಥಾನವನ್ನು ಅವರಿಗಿಂತ ಮೊದಲು ಬೊಬ್ಬಿಲಿಯ ಮಹಾರಾಜರು ವಹಿಸಿಕೊಂಡಿದ್ದರು. ಅವರ ಅನಂತರ ಪಿ. ಎಸ್. ಶಿವಸ್ವಾಮಿ ಅಯ್ಯರ್ ಅದಕ್ಕೆ ಬಂದರು.

ಆಡಳಿತದಲ್ಲಿ ಕೃಷ್ಣಸ್ವಾಮಿ ಅಯ್ಯರ್ ಅವರಿಂದ ಇನ್ನೂ ಬಹಳಷ್ಟನ್ನು ನಿರೀಕ್ಷಿಸಲಾಗಿತ್ತು. ಆದರೆ 1911ರ ಡಿಸೆಂಬರ್ 28ರಂದು, ತಮ್ಮ ನಲವತ್ತೆಂಟನೆಯ ವಯಸ್ಸಿನಲ್ಲಿ, ಅವರು ನಿಧನರಾದರು.

ಮೌಲ್ಯಮಾಪನ

ಕೃಷ್ಣಸ್ವಾಮಿ ಅಯ್ಯರ್ ಅವರ ಸಾರ್ವಜನಿಕ ಜೀವನದ ಅವಧಿ ಕೇವಲ ಇಪ್ಪತ್ತಾರು ವರ್ಷ. ಬ್ರಿಟಿಷ್ ಸರ್ಕಾರದಲ್ಲಿ ಉನ್ನತ ಹುದ್ದೆಗಳನ್ನು ಒಪ್ಪಿಕೊಂಡ ಸೌಮ್ಯವಾದಿಗಳ ಬಗೆಗೆ ತೀವ್ರವಾದಿಗಳಿಗಿದ್ದ ಅಸಮಾಧಾನ ಅವರಿಗೂ ತಟ್ಟದೆ ಇರಲಿಲ್ಲ. ಅವರು ಕಟ್ಟಿದ ಸಂಸ್ಥೆಗಳ ಆಡಳಿತ ವಿದ್ಯಾವಂತ ಮತ್ತು ಶ್ರೀಮಂತ ವರ್ಗಗಳಲ್ಲಿಯೇ ಉಳಿದಿತ್ತೆಂಬುದೂ ನಿಜ. ಆದರೆ ಒಂದು ಮೊಕದ್ದಮೆಯಲ್ಲಿ ಕಂಡ ಅನ್ಯಾಯಕ್ಕೆ ನ್ಯಾಯಾಲಯದ ಹೊರಗೂ ಪರಿಹಾರ ಹುಡುಕಿ, ಅದನ್ನು ಶತಮಾನಕ್ಕೂ ಮೀರಿ ಬಾಳುವ ಸಂಸ್ಥೆಯನ್ನಾಗಿ ರೂಪಿಸಿದ ವಕೀಲರು ವಿರಳ. ಸಾಲ ಕೊಟ್ಟವರ ಪರವಾಗಿ ವಾದಿಸುವ ವಕೀಲನ ಕೆಲಸಕ್ಕೂ ಸಾಮಾನ್ಯನ ಉಳಿತಾಯದ ಭದ್ರತೆಗೂ ಇರುವ ಸಂಬಂಧವನ್ನು ಅವರ ಜೀವನ ಸ್ಪಷ್ಟವಾಗಿ ತೋರಿಸುತ್ತದೆ.

ಸ್ಮರಣೆ

ಇಂಡಿಯನ್ ಬ್ಯಾಂಕು 1930ರ ದಶಕದಲ್ಲಿ ಕೊಲಂಬೊ ನಗರಕ್ಕೂ ತನ್ನ ವ್ಯವಹಾರವನ್ನು ವಿಸ್ತರಿಸಿತು. 1969ರ ಜುಲೈ 19ರಂದು ರಾಷ್ಟ್ರೀಕೃತವಾದ ಹದಿನಾಲ್ಕು ಬ್ಯಾಂಕುಗಳಲ್ಲಿ ಅದೂ ಒಂದು. 2020ರ ಏಪ್ರಿಲ್ 1ರಂದು ಅಲಹಾಬಾದ್ ಬ್ಯಾಂಕು ಅದರಲ್ಲಿ ವಿಲೀನಗೊಂಡಿತು. ಅದರ ಪ್ರಧಾನ ಕಛೇರಿ ಚೆನ್ನೈಯಲ್ಲಿದೆ. ಚೆನ್ನೈಯ ಚೇಪಾಕದಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಸೆನೆಟ್ ಭವನದ ಬಳಿ ಕೃಷ್ಣಸ್ವಾಮಿ ಅಯ್ಯರ್ ಅವರ ಪ್ರತಿಮೆಯಿದೆ. ಅವರ ಮಗ ಕೆ. ಚಂದ್ರಶೇಖರನ್ ಇಂಗ್ಲಿಷಿನಲ್ಲಿ ಅವರ ಜೀವನಚರಿತ್ರೆಯನ್ನು ಬರೆದಿದ್ದಾರೆ. ಮೈಲಾಪುರದ ಸಂಸ್ಕೃತ ಕಾಲೇಜು ಇಂದಿಗೂ ನಡೆಯುತ್ತಿದೆ.